ಕರಿ ಆಯಿಲ್ ತಗೊಳ್ಳೋರು ಯಾರು?

ಸಂಪಾದಕರಿಗೆ ನಮಸ್ಕಾರ.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಸಣ್ಣ ಊರು. ಮನೆಯಲ್ಲಿ 1997ರ ಮಾರುತಿ 800 ಇದೆ. ವರ್ಷದಿಂದ ಸೈಲೆನ್ಸರ್‌ನಲ್ಲಿ ನೀಲಿ ಹೊಗೆ, ಏರು ಬಂದರೆ ಕ್ಲಚ್ ಜಾರುವುದು. ಎಂಜಿನ್, ಗೇರ್‌ಬಾಕ್ಸ್ ಎರಡೂ ಇಳಿಸಬೇಕು, ಆದರೆ ಈಗ ಪುರುಸೊತ್ತಿಲ್ಲ ಎಂದರು ಪೇಟೆಯ ಮೆಕ್ಯಾನಿಕ್. ಐಟಿಐ ಓದಿದ ಸೋದರಳಿಯ ರಜೆಗೆ ಬಂದಿದ್ದ. ‘ನಾವೇ ಇಳಿಸೋಣ ಮಾವ’ ಎಂದ.

ಇಳಿಸೋದು ಅನ್ನೋದು ಬರೀ ಬಾಯಿಮಾತು. ನಾವು ಮಾಡಿದ್ದು ಮೇಲಕ್ಕೆ ಎತ್ತೋದು. ಕೊಟ್ಟಿಗೆ ತೊಲೆಗೆ ಚೈನ್ ಬ್ಲಾಕ್ ಕಟ್ಟೋಣ ಎಂದೆ. ಅವನು ತೊಲೆ ಬಡಿದು ನೋಡಿ, ಗೆದ್ದಲು ತಿಂದಿದೆ ಎಂದ. ಕೊನೆಗೆ ಅಂಗಳದಲ್ಲಿ ಮೂರು ದಪ್ಪ ಪೈಪ್ ನಿಲ್ಲಿಸಿ, ತುದಿ ಸೇರಿಸಿ ಬಿಗಿದೆವು. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿದ. ಆಮೇಲೆ ಬಾನೆಟ್, ರೇಡಿಯೇಟರ್, ಪೆಟ್ರೋಲ್ ಪೈಪ್, ಕ್ಲಚ್ ಕೇಬಲ್. ಬಿಚ್ಚಿದ ಒಂದೊಂದು ವೈರಿಗೂ ನನ್ನ ಹೆಂಡತಿ ನಂಬರ್ ಬರೆದ ಚೀಟಿ ಅಂಟಿಸಿದಳು. ಅವಳಿಲ್ಲದಿದ್ದರೆ ಇವತ್ತಿಗೂ ವೈರ್ ಹುಡುಕುತ್ತಾ ಕೂತಿರುತ್ತಿದ್ದೆವು. ಬರೀ ಜಾಕ್ ನಂಬಿ ಗಾಡಿ ಕೆಳಗೆ ನುಗ್ಗಲು ಹೋಗಿ ನಾನು ಅವನಿಂದ ಬೈಸಿಕೊಂಡೆ. ಸ್ಟ್ಯಾಂಡ್ ಕೊಟ್ಟ ಮೇಲೇ ಒಳಗೆ ಬಿಟ್ಟ.

ಚಕ್ರದ ಆಕ್ಸಲ್ ಎಳೆಯುವ ಮುಂಚೆ ಗೇರ್ ಆಯಿಲ್ ಖಾಲಿ ಮಾಡಬೇಕು. ಇಲ್ಲದಿದ್ದರೆ ಆಕ್ಸಲ್ ಕೂತಿದ್ದ ತೂತಿನಿಂದ ಅಷ್ಟೂ ಅಂಗಳಕ್ಕೆ. ಹಾಗೆ ಒಂದು ಬಾಂಡಲಿಗೆ ಎಂಜಿನ್ ಆಯಿಲ್, ಇನ್ನೊಂದಕ್ಕೆ ಗೇರ್ ಆಯಿಲ್, ಬಕೆಟ್ಟಿಗೆ ರೇಡಿಯೇಟರಿನ ಹಸಿರು ನೀರು ಹಿಡಿದೆವು. ಈ ಕೂಲಂಟ್ ಸಿಹಿ ಇರುತ್ತದಂತೆ. ನಾಯಿಯೋ ದನವೋ ನೆಕ್ಕಿದರೆ ಕಿಡ್ನಿ ಕೆಟ್ಟು ಸಾಯುತ್ತವೆ ಎಂದು ಅಳಿಯ ಹೇಳುತ್ತಿದ್ದ. ಅಷ್ಟು ಹೊತ್ತಿಗೆ ನಮ್ಮ ಕರು ಬಕೆಟ್ ಹತ್ತಿರ ಮೂತಿ ತಂದಿತ್ತು! ಬೆನ್ನಿಗೆ ಒಂದು ಬಿಟ್ಟು ಅಟ್ಟಿದೆ.

ಎಂಜಿನ್ ಸಂಜೆಗೆ ಹೊರಗೆ ಬಂತು. ತಲೆನೋವು ಶುರುವಾದದ್ದು ಮರುದಿನ. ಕ್ಯಾನಿನಲ್ಲಿ ಐದು ಲೀಟರ್ ಕರಿ ಆಯಿಲ್ ಇದೆ, ಯಾರಿಗೆ ಕೊಡೋದು? ಕಸದ ಗಾಡಿಯವರು ಹಸಿ ಕಸ, ಒಣ ಕಸ ಮಾತ್ರ ಎಂದರು. ಆಯಿಲ್ ಮಾರುವ ಅಂಗಡಿಯವರು ಮಾರೋದಷ್ಟೇ ನಮ್ಮ ಕೆಲಸ ಎಂದರು. ಒಂದು ಗ್ಯಾರೇಜಿನಲ್ಲಿ, ‘ಹಿಂದೆ ಚರಂಡಿ ಇದೆಯಲ್ಲ, ಸುರಿದು ಹೋಗಿ’ ಎಂದರು. ಚರಂಡಿ ಸುತ್ತ ನೆಲ ಆಗಲೇ ಟಾರು ಹಾಕಿದ ಹಾಗೆ ಕಪ್ಪಾಗಿತ್ತು.

ನಮ್ಮ ಕಡೆ ಚರಂಡಿ ನೀರು ಹಳ್ಳಕ್ಕೆ, ಹಳ್ಳ ತುಂಗೆಗೆ. ಚಿಪ್ಪಲಗುಡ್ಡೆಯ ಮತ್ಸ್ಯಧಾಮದ ಮೀನಿಗೆ ಮಂಡಕ್ಕಿ ಹಾಕಿ ಕೈ ಮುಗಿಯುವವರು ನಾವು. ಅದೇ ಹೊಳೆ ಮುಂದೆ ಗಾಜನೂರಿಗೆ ಹೋಗಿ, ಶಿವಮೊಗ್ಗದವರ ಕುಡಿಯುವ ನೀರಾಗುತ್ತದೆ. ಗೆದ್ದಲು ಹಿಡಿಯದಿರಲಿ ಎಂದು ಬೇಲಿ ಗೂಟಕ್ಕೆ ಕರಿ ಆಯಿಲ್ ಬಳಿಯುವ ರೂಢಿ ನಮ್ಮಲ್ಲೂ ಇದೆ, ನಾನೂ ಬಳಿದವನೇ. ಆದರೆ ಮಲೆನಾಡಿನ ಮಳೆಗೆ ಅದು ಗೂಟದಲ್ಲಿ ಎಷ್ಟು ದಿನ ನಿಲ್ಲುತ್ತದೆ?

ಕಾನೂನು ಇಲ್ಲ ಅಂತಲ್ಲ. 2016ರ ನಿಯಮದಲ್ಲೇ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿದೆ. 2023ರಲ್ಲಿ ತಿದ್ದುಪಡಿ ಮಾಡಿ, ಅದರ ಮರುಬಳಕೆಯ ಹೊಣೆಯನ್ನು ಆಯಿಲ್ ತಯಾರಿಸುವವರ ಮೇಲೂ ಹಾಕಿದ್ದಾರೆ. 2024ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಶುದ್ಧ ಮಾಡಿದರೆ ಈ ಆಯಿಲ್ ಮತ್ತೆ ಬಳಕೆಗೆ ಬರುತ್ತದೆ. ಅಂದರೆ ಇದಕ್ಕೆ ಬೆಲೆಯೂ ಇದೆ ಅಲ್ವಾ? ಆದರೆ ಐದು ಲೀಟರ್ ಹಿಡಿದು ನಿಂತವನ ಹತ್ತಿರ ತಗೊಳ್ಳೋರೇ ಇಲ್ಲ.

ನಾನು ದೊಡ್ಡದೇನೂ ಕೇಳುತ್ತಿಲ್ಲ. ಪಂಚಾಯಿತಿಯ ಕಸದ ಘಟಕದಲ್ಲಿ ಮುಚ್ಚಳ ಇರುವ ಒಂದು ಡ್ರಮ್ ಇಡಲಿ. ತುಂಬಿದ ಮೇಲೆ ಪರವಾನಗಿ ಇರುವವರು ಬಂದು ಒಯ್ಯಲಿ. ಕಾರು ಮಾತ್ರವಲ್ಲ, ಬೈಕು, ಟಿಲ್ಲರ್, ಪಂಪ್‌ಸೆಟ್ಟಿನ ಆಯಿಲ್ ಬದಲಿಸುವವರು ಊರೂರಲ್ಲೂ ಇದ್ದಾರೆ. ಮಾಲಿನ್ಯ ನಿಯಂತ್ರಣ ಮಂಡಳಿಯವರು ಮಳೆ ಹಿಡಿಯುವ ಮುಂಚೆ ಇಷ್ಟು ಮಾಡಿಸಲಿ.

ಎಂಜಿನ್ ಈಗ ಜಗಲಿಯಲ್ಲಿ ಗೋಣಿಚೀಲ ಹೊದ್ದು ಕೂತಿದೆ. ಕ್ಯಾನು ಕರುವಿಗೆ ಸಿಗದ ಹಾಗೆ ಅಟ್ಟದ ಮೇಲಿದೆ. ಎಲ್ಲಿಗೆ ತರಬೇಕು ಎಂದು ಯಾರಾದರೂ ಹೇಳಿದರೆ ನಾನೇ ತಂದು ಕೊಡುತ್ತೇನೆ, ಬಸ್ಸಿನಲ್ಲಿ.

— ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು