‘ಇವನು ಹಿಂಗಿರೋನಲ್ಲ’ ಅಂದಾಗ

ಮೈಸೂರು

ಚಿ. ಪುಟ್ಟಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ನಿನ್ನೆ ರಾತ್ರಿ ನಿನ್ನಮ್ಮ ಫೋನ್ ಮಾಡಿದ್ದಳು. “ಅತ್ತಿಗೆ, ಅವಳು ಹೀಗಿರೋಳಲ್ಲ. ಏನು ಕೇಳಿದರೂ ಹೂಂ, ಉಹೂಂ, ಅಷ್ಟೇ” ಅಂದಳು. ಆಮೇಲೆ ನೀನು ಎಮರ್ಜೆನ್ಸಿ ಡ್ಯೂಟಿ ಮುಗಿಸಿ ಕಳಿಸಿದ್ದ ಮೆಸೇಜನ್ನು ಮತ್ತೆ ತೆಗೆದು ಓದಿದೆ. 38 ವರ್ಷದ ಮನುಷ್ಯ, ಎದೆನೋವು, 40 ನಿಮಿಷ ಎದೆ ಒತ್ತಿ ಸಿಪಿಆರ್ ಕೊಟ್ಟರೂ ಉಳಿಯಲಿಲ್ಲ. ಹೊರಗೆ ನಿಂತಿದ್ದ ಹೆಂಡತಿಗೆ ‘ಸಾರಿ’ ಅಂತ ಹೇಳಿ ಒಳಗೆ ಬಂದುಬಿಟ್ಟೆ ಎಂದು ಬರೆದಿದ್ದೀಯ. ಇದು ಫೋನಿನಲ್ಲಿ ಆಡುವ ಮಾತಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

‘ನನ್ನ ತಪ್ಪೇನಾದರೂ ಇತ್ತಾ ಅತ್ತೆ’ ಎಂದು ಕೇಳಿದ್ದೀಯ. ನಾನಲ್ಲಿ ಇರಲಿಲ್ಲ. ಸಮಾಧಾನಕ್ಕೆಂದು ‘ಇಲ್ಲ ಬಿಡು’ ಅನ್ನಲಾರೆ. ನಿಮ್ಮ ಸೀನಿಯರ್ ಜೊತೆ ಕೇಸ್ ಶೀಟ್ ಹಿಡಿದು ಕೂತುಕೋ. ಆ ರೋಗಿ ಬಾಗಿಲು ದಾಟಿದ್ದು ಎಷ್ಟು ಹೊತ್ತಿಗೆ, ಇಸಿಜಿ ತೆಗೆದದ್ದು ಎಷ್ಟು ಹೊತ್ತಿಗೆ, ಹೃದಯಕ್ಕೆ ಮೊದಲ ಕರೆಂಟ್ ಶಾಕ್ ಕೊಟ್ಟದ್ದು ಎಷ್ಟು ಹೊತ್ತಿಗೆ, ಒಂದೊಂದನ್ನೇ ನೋಡು. 10 ನಿಮಿಷದೊಳಗೆ ಇಸಿಜಿ ಆಗಿತ್ತಾ? ಆಗಿರದಿದ್ದರೆ ಯಾಕೆ? ಮಷಿನ್ ಬೇರೆ ವಾರ್ಡಿಗೆ ಹೋಗಿತ್ತಾ? ಕಾರಣ ಸಿಕ್ಕಿದರೆ ಸರಿಪಡಿಸಬಹುದು. ಎಲ್ಲವೂ ಸರಿಯಿತ್ತು ಎಂದಾದರೆ ಅದೂ ನಿನಗೆ ಗೊತ್ತಾಗಬೇಕು. ಎರಡೂ ಮಾಡದೆ ರಾತ್ರಿಯೆಲ್ಲ ಅದನ್ನೇ ಮೆಲುಕು ಹಾಕುತ್ತಿದ್ದರೆ ಮಾತ್ರ ಅದು ನಿನ್ನನ್ನು ತಿಂದುಬಿಡುತ್ತದೆ.

ನಾನು ತಾಲ್ಲೂಕು ಆಸ್ಪತ್ರೆಗೆ ಸೇರಿದಾಗ ನಿನ್ನ ಈ ವಿಭಾಗಕ್ಕೆ ಹೆಸರೇ ಇರಲಿಲ್ಲ. ಕ್ಯಾಶುವಾಲ್ಟಿ ಅಂದರೆ ಬಾಗಿಲ ಪಕ್ಕದ ಒಂದು ಕೋಣೆ. ಆವತ್ತು ಯಾರಿಗೆ ಡ್ಯೂಟಿ ಬಿತ್ತೋ ಅವರೇ ನೋಡಬೇಕು, ಕಣ್ಣಿನವರಾಗಲಿ, ಚರ್ಮದವರಾಗಲಿ. 108 ಆಂಬುಲೆನ್ಸ್ ನಮ್ಮ ರಾಜ್ಯಕ್ಕೆ ಬಂದದ್ದು 2008ರಲ್ಲಿ. ನಿನ್ನ ಎಮರ್ಜೆನ್ಸಿ ಮೆಡಿಸಿನ್, ಅಂದರೆ ತುರ್ತು ಚಿಕಿತ್ಸೆಯನ್ನು, ವೈದ್ಯಕೀಯ ಪರಿಷತ್ತು ಬೇರೆಯೇ ವಿಭಾಗವೆಂದು ಒಪ್ಪಿದ್ದು 2009ರಲ್ಲಿ. ನೀನು ಅದನ್ನೇ ಬೇಕೆಂದು ಆರಿಸಿಕೊಂಡಾಗ ಮನೆಯವರೆಲ್ಲ ಪೇಚಾಡಿದರು. ನನಗೆ ಹೆಮ್ಮೆಯಾಗಿತ್ತು, ಈಗಲೂ ಇದೆ.

ನನ್ನ ಕೈಯಿಂದ ಆದ ಒಂದು ತಪ್ಪನ್ನು ಹೇಳುತ್ತೇನೆ. ಇದು ನಿಮ್ಮಪ್ಪನಿಗೂ ಗೊತ್ತಿಲ್ಲ.

108 ಇನ್ನೂ ಇಲ್ಲದ ಕಾಲ, ಮಳೆಗಾಲ. ಬೆಳಗಿನ ಜಾವ 5 ಗಂಟೆಗೆ ಒಬ್ಬ ಅಜ್ಜಿ ತನ್ನ ಮೊಮ್ಮಗನನ್ನು ಎತ್ತಿಕೊಂಡು ಬಂದಳು. ಒಂಬತ್ತು ಹತ್ತು ವರ್ಷದ ಹುಡುಗ. ಹೊಟ್ಟೆನೋವು, ಎರಡು ಸಲ ವಾಂತಿ. ಜ್ವರವಿಲ್ಲ, ಹೊಟ್ಟೆ ಮೆತ್ತಗಿತ್ತು. ಇಂಜೆಕ್ಷನ್ ಕೊಟ್ಟು ಮಲಗಿಸಿದೆ. ಆಗಷ್ಟೇ ಒಂದು ಬೈಕ್ ಆಕ್ಸಿಡೆಂಟ್ ಬಂದಿತ್ತು. ಹುಡುಗ ಕಿರುಚಾಡುತ್ತಿರಲಿಲ್ಲ, ಆ ಗಾಯದವನು ಕಿರುಚುತ್ತಿದ್ದ. ನಾನು ಅವನ ಕಡೆ ಹೋದೆ. ಅಜ್ಜಿ ಬಂದು ಸೆರಗು ಹಿಂಡುತ್ತಾ, “ಅವ್ವಾ, ಇವನು ಹಿಂಗಿರೋನಲ್ಲ. ಕಣ್ಣೇ ಬಿಡ್ತಿಲ್ಲ” ಅಂದಳು. ನಿದ್ದೆಗಣ್ಣು, ಮಲಗಲಿ ಬಿಡಿ ಅಂದೆ. ಎರಡನೇ ಸಲ ಬಂದಳು. ಸಿಡುಕಿದೆ. ಮೂರನೇ ಸಲ ಅವಳು ಮಾತಾಡಲಿಲ್ಲ, ನನ್ನ ಮುಂಗೈ ಹಿಡಿದು ಎಳೆದುಕೊಂಡೇ ಹೋದಳು. ಹುಡುಗನ ಎರಡೂ ರೆಪ್ಪೆ ಜೋತುಬಿದ್ದಿದ್ದವು. ‘ಮೇಲೆ ನೋಡು’ ಅಂದರೆ ಹಣೆ ಸುಕ್ಕಾಗುತ್ತಿತ್ತು, ರೆಪ್ಪೆ ಮೇಲೇಳಲಿಲ್ಲ. ಬಾಯಿಯ ಕೊನೆಯಲ್ಲಿ ಜೊಲ್ಲು ನಿಂತಿತ್ತು, ಅದನ್ನು ನುಂಗಲಾಗುತ್ತಿರಲಿಲ್ಲ. ಎಲ್ಲಿ ಮಲಗಿದ್ದ ಎಂದು ಆಗ ಕೇಳಿದೆ. ಚಾಪೆಯ ಮೇಲೆ, ನೆಲದಲ್ಲಿ. ಕಟ್ಟುಹಾವು, ಪುಟ್ಟಿ. ನಿಮ್ಮ ಪುಸ್ತಕದ ಕ್ರೈಟ್. ನೆಲದಲ್ಲಿ ಮಲಗಿದವರನ್ನು ರಾತ್ರಿ ಕಚ್ಚುತ್ತದೆ, ಅದರ ವಿಷ ನರಗಳನ್ನು ಹಿಡಿದು ರೆಪ್ಪೆಯಿಂದ ಉಸಿರಿನವರೆಗೆ ಎಲ್ಲವನ್ನೂ ಸೋಲಿಸುತ್ತದೆ. ಮೈಯೆಲ್ಲ ಹುಡುಕಿದರೂ ಕಚ್ಚಿದ ಗುರುತಿಲ್ಲ.

ವಿಷನಿರೋಧಕ ಏರಿಸಿ, ಜಿಲ್ಲಾ ಆಸ್ಪತ್ರೆಯವರೆಗೆ ದಾರಿಯುದ್ದಕ್ಕೂ ನಾನೂ ಸಿಸ್ಟರೂ ಕೈ ಬದಲಿಸಿಕೊಂಡು, ಉಸಿರು ಕೊಡುವ ಆಂಬು ಬ್ಯಾಗ್ ಒತ್ತಿದೆವು. ಹುಡುಗ ಉಳಿದ. ಉಳಿಸಿದ್ದು ಆ ಅಜ್ಜಿ.

ಈಗ ನೀನು ಹಾವಿನ ಕೇಸಿಗೆಲ್ಲ ಗಾಜಿನ ನಳಿಕೆಯಲ್ಲಿ ರಕ್ತವಿಟ್ಟು ಹೆಪ್ಪುಗಟ್ಟಿತಾ ಎಂದು ನೋಡುವ 20 ನಿಮಿಷದ ಪರೀಕ್ಷೆ ಮಾಡುತ್ತೀಯ, ಮಾಡಲೇಬೇಕು. ಕೊಳಕುಮಂಡಲವಾದರೆ ಅದು ಹಿಡಿದುಕೊಡುತ್ತದೆ. ಕಟ್ಟುಹಾವಿನ ಕಡಿತದಲ್ಲಿ ರಕ್ತ ಸರಿಯಾಗಿಯೇ ಹೆಪ್ಪುಗಟ್ಟುತ್ತದೆ. ಆ ಗಾಜಿನ ನಳಿಕೆ ನೋಡಿ ನಿಶ್ಚಿಂತೆಯಾಗಬೇಡ. ಶಕ್ತಿ ಕುಗ್ಗುತ್ತಿದೆಯಾ ಎಂದು ತಿಳಿಯಲು ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತಾರೆ ನೋಡು, ದಿಂಬಿನಿಂದ ತಲೆ ಎತ್ತಿಸು, ಅರ್ಧ ಗಂಟೆ ಬಿಟ್ಟು ಮತ್ತೆ ಅದನ್ನೇ ಮಾಡು. ವರದಿ ಕಳಿಸುವುದನ್ನೂ ಬಿಡಬೇಡ. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತವನ್ನು ವರದಿ ಮಾಡುವುದು ಕಡ್ಡಾಯ.

ಕೂಗುವವರಿಗೆ ಉಸಿರಿದೆ, ರಕ್ತ ಓಡುತ್ತಿದೆ. ಗೋಡೆಗೊರಗಿ ಸುಮ್ಮನೆ ಕೂತವರ ಕಡೆ ಮೊದಲು ಕಣ್ಣು ಹಾಯಿಸು. ‘ಬರೀ ಗ್ಯಾಸ್ಟ್ರಿಕ್ಕು ಡಾಕ್ಟ್ರೇ’ ಎಂದು ಬೆವರು ಒರೆಸಿಕೊಳ್ಳುವ ಸಕ್ಕರೆ ಕಾಯಿಲೆಯ ಹೆಂಗಸಿಗೆ ಇಸಿಜಿ ತೆಗೆಸು. ಕುಡಿದು ಬಿದ್ದಿದ್ದಾನೆ ಎಂದು ಪೊಲೀಸರು ತಂದು ಹಾಕಿದವನ ಬೆರಳು ಚುಚ್ಚಿ ಶುಗರ್ ನೋಡು. ಮನೆಯವರು ‘ಹಿಂಗಿರೋರಲ್ಲ’ ಅಂದರೆ ಅದನ್ನು ಬಿಪಿ, ಪಲ್ಸ್ ಜೊತೆಗೇ ಶೀಟಿನಲ್ಲಿ ಬರೆದುಕೋ. ಹಣ, ಪೊಲೀಸ್ ಕಾಗದ ಎಂದು ಯಾರಾದರೂ ಅಡ್ಡ ಬಂದರೆ ಹೆದರಬೇಡ. ಮೊದಲು ಚಿಕಿತ್ಸೆ, ಆಮೇಲೆ ಎಂಎಲ್‌ಸಿ, ಅಂದರೆ ಪೊಲೀಸ್ ಕೇಸಿನ ದಾಖಲೆ, ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿದೆ.

ಬೆಳೆಗೆ ಹೊಡೆಯುವ ಕೀಟನಾಶಕ ಔಷಧಿ ಕುಡಿದು ಬಂದವರಿಗೆ ಅದರ ವಿಷಕ್ಕೆ ಮದ್ದಾದ ಅಟ್ರೋಪಿನ್ ಕೊಡುವಾಗ ಕಣ್ಣಿನ ಪಾಪೆ ನೋಡಿ ನಿಲ್ಲಿಸಬೇಡ, ಎದೆ ಒಣಗಿತಾ ಎಂದು ಸ್ಟೆತ್ ಇಟ್ಟು ಕೇಳು. ‘ಯಾಕೆ ಕುಡಿದೆ’ ಎಂದು ನಮ್ಮ ಕಾಲದಲ್ಲಿ ಬೈಯುತ್ತಿದ್ದರು, ನಾನೂ ಬೈದಿದ್ದೇನೆ. ನೀನು ಬೈಯಬೇಡ.

ಇನ್ನು ಆ ‘ಸಾರಿ’ ವಿಷಯ. ಅದರಿಂದ ಆ ಹೆಂಗಸಿಗೆ ಏನು ತಿಳಿಯಬೇಕು? ಮುಂದಿನ ಸಲ ಏಪ್ರನ್ ಮೇಲೆ ರಕ್ತವಿದ್ದರೆ ಬದಲಿಸಿಕೊಂಡು ಹೋಗು. ಒಬ್ಬ ಸಿಸ್ಟರ್ ಜೊತೆಗಿರಲಿ. ಮನೆಯವರನ್ನು ಕೂರಿಸು, ನೀನೂ ಕೂತುಕೋ, ಹೋದವರ ಹೆಸರು ಹಿಡಿದು ಮಾತಾಡು. ‘ಸೀರಿಯಸ್ ಇದೆ’, ‘ಏನೂ ಹೇಳೋಕಾಗಲ್ಲ’ ಅನ್ನಬೇಡ. ‘ತೀರಿಕೊಂಡರು’ ಅನ್ನು. ಆ ಪದ ಬಾಯಿಂದ ಬರುವುದು ಕಷ್ಟ, 30 ವರ್ಷವಾದರೂ ನನಗೆ ಸಲೀಸಾಗಲಿಲ್ಲ. ಹೇಳಿದ ಮೇಲೆ ಸುಮ್ಮನಿರು, ಎದ್ದು ಓಡಬೇಡ. ಅವರು ಅಳಲಿ, ಬೈಯಲಿ. ಡಾಕ್ಟರ ಮೇಲೆ ಕೈ ಮಾಡುವವರ ವಿರುದ್ಧ ನಮ್ಮಲ್ಲಿ 2009ರಿಂದ ಕಾನೂನಿದೆ, ಆದರೆ ಅದು ಏಟು ಬಿದ್ದ ಮೇಲಿನ ಮಾತು. ಒಳಗೆ ಏನಾಗುತ್ತಿದೆ ಎಂದು ಸಿಪಿಆರ್ ನಡೆಯುವಾಗಲೇ ಹೊರಗೆ ಯಾರಾದರೂ ಒಬ್ಬರು ಹೇಳುತ್ತಿದ್ದರೆ ಎಷ್ಟೋ ಗಲಾಟೆ ಆಗುವುದೇ ಇಲ್ಲ.

ಅಮ್ಮನಿಗೆ ಇವತ್ತೇ ಫೋನ್ ಮಾಡು. ಆ ಮನುಷ್ಯನ ವಿಷಯ ಪೂರ್ತಿ ಹೇಳು. ಅವಳಿಗೆ ಇಸಿಜಿ ಗೊತ್ತಿಲ್ಲದಿರಬಹುದು, ನೀನು ಗೊತ್ತು. ನೈಟ್ ಡ್ಯೂಟಿ ಮುಗಿಸಿ ಸ್ಕೂಟರ್ ಹತ್ತಬೇಡ, ಆಟೋ ಹಿಡಿ. ಹಾಗೆ ತೂಗಡಿಸಿ ಬಿದ್ದ ಡಾಕ್ಟರಿಗೆ ನಾನೇ ಹೊಲಿಗೆ ಹಾಕಿದ್ದೇನೆ. ನಿಪ್ಪಟ್ಟು ಕಳಿಸಿದ್ದೇನೆ, ಡ್ಯೂಟಿ ರೂಮಿನಲ್ಲಿ ಇಟ್ಟುಕೋ. ಸಿಸ್ಟರುಗಳಿಗೂ ಟ್ರಾಲಿ ತಳ್ಳುವ ಅಣ್ಣಂದಿರಿಗೂ ಕೊಡು.

ಇಂತಿ,
ನಿನ್ನ ಅತ್ತೆ