ಈ ವರ್ಷ ನಮ್ಮ ತಂಡದಿಂದ ಯಾರೂ ಬಿಟ್ಟು ಹೋಗಲಿಲ್ಲ

ಕಳೆದ ಒಂದು ವರ್ಷದಲ್ಲಿ ನಮ್ಮ ಸಹವರ್ತಿ ಬೆಂಬಲ ತಂಡದಿಂದ ಒಬ್ಬರೂ ಕೆಲಸ ಬಿಡಲಿಲ್ಲ. ಬೇರೆ ಕಡೆ ಇದು ಸುದ್ದಿಯೇ ಅಲ್ಲ, ನಮ್ಮಲ್ಲಿ ದೊಡ್ಡ ಸುದ್ದಿ. ಮಾನಸಿಕ ಕಾಯಿಲೆಯನ್ನೋ ವ್ಯಸನವನ್ನೋ ಸ್ವತಃ ದಾಟಿ ಬಂದು, ಈಗ ಅದೇ ಪಾಡು ಪಡುತ್ತಿರುವವರ ಜೊತೆ ಕೂರುವುದು ನಮ್ಮ ಕೆಲಸ. ಮೊದಲೆಲ್ಲ ಒಬ್ಬರಿಗೆ ಕೆಲಸ ಕೈಹತ್ತುವ ಹೊತ್ತಿಗೆ ಅವರು ಬಸವಳಿದು ಹೊರಟುಬಿಡುತ್ತಿದ್ದರು. ನಾನೂ ರಾಜೀನಾಮೆ ಪತ್ರ ಬರೆದಿಟ್ಟಿದ್ದೆ. ಅದು ಮೇಜಿನ ಖಾನೆಯಲ್ಲೇ ಉಳಿಯುವಂತೆ ಮಾಡಿದವರಿಗೆ ಎಲ್ಲರ ಎದುರು ನಮಸ್ಕಾರ ಹೇಳಲು ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕಬೇಡಿ ಎಂದು ಅವರೇ ಹೇಳಿರುವುದರಿಂದ ಹಾಕಿಲ್ಲ.

ಮೊದಲ ನಮಸ್ಕಾರ ಪಾಳಿಪಟ್ಟಿ ಬರೆಯುವ ನಮ್ಮ ಸಂಯೋಜಕಿಗೆ. ಸಾಯುವ ಮಾತು ಬಂದ ಭೇಟಿಯ ಬೆನ್ನಿಗೇ ಇನ್ನೊಂದು ಭೇಟಿ ಇಡಬಾರದು, ನಡುವೆ ಅರ್ಧ ಗಂಟೆ ಖಾಲಿ ಬಿಡಬೇಕು, ಆ ಅರ್ಧ ಗಂಟೆಯೂ ಕೆಲಸದ ಲೆಕ್ಕಕ್ಕೇ ಸೇರಬೇಕು ಎಂದು ಅವರು ಹಟ ಹಿಡಿದರು. ‘ಇವತ್ತು ನನ್ನಿಂದ ಆಗದು’ ಎಂದವರನ್ನು ಕಾರಣ ಕೇಳಬಾರದು ಎಂಬ ನಿಯಮವೂ ಅವರದೇ. ಕೇಳಲು ಸಣ್ಣ ವಿಷಯ. ಆದರೆ ಕಾರಣ ಕೇಳುತ್ತಾರೆ ಎಂಬ ಅಂಜಿಕೆಗೇ ನಾವೆಲ್ಲ ಎಷ್ಟು ದಿನ ಹಲ್ಲು ಕಚ್ಚಿ ಕೂತಿದ್ದೇವೆಂದು ನಮಗೇ ಗೊತ್ತು.

ಈ ದಣಿವಿಗೆ ಪರಿಹಾರವೆಂದು ಆಡಳಿತದವರು ಮೊದಲು ಕೊಟ್ಟದ್ದು ಒಂದು ಧ್ಯಾನ ಶಿಬಿರ. ಧ್ಯಾನದ ಮೇಲೆ ನನಗೆ ಸಿಟ್ಟಿಲ್ಲ. ಶಿಬಿರ ಮುಗಿಸಿ ಬಂದಾಗ ಪಾಳಿಪಟ್ಟಿ ಇದ್ದ ಹಾಗೆಯೇ ಇತ್ತಲ್ಲ, ಸಿಟ್ಟು ಅದಕ್ಕೆ. ಆಗ ನಮ್ಮ ಸಂಯೋಜಕಿ ಸಭೆಯಲ್ಲಿ ಎರಡು ವಿಷಯ ಮುಂದಿಟ್ಟರು. ಬರ್ನ್‌ಔಟ್, ಅಂದರೆ ಕೆಲಸದಿಂದಲೇ ಬಸವಳಿದು ಹೋಗುವುದರ ಬಗ್ಗೆ 1974ರಲ್ಲಿ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಬರೆದದ್ದು ದೊಡ್ಡ ಕಂಪನಿಗಳ ಅಧಿಕಾರಿಗಳನ್ನು ನೋಡಿ ಅಲ್ಲ, ಉಚಿತ ಚಿಕಿತ್ಸಾಲಯದಲ್ಲಿ ಮೈಮರೆತು ದುಡಿಯುತ್ತಿದ್ದ ಸ್ವಯಂಸೇವಕರನ್ನು ನೋಡಿ. ಆ ದಣಿವು ಫ್ರಾಯ್ಡೆನ್‌ಬರ್ಗರ್ ಅವರನ್ನೂ ಬಿಟ್ಟಿರಲಿಲ್ಲ. ಎರಡನೆಯದು, ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು ಕಾಯಿಲೆ ಎಂದು ಕರೆಯದೆ ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದಿತು. ಸರಿಯಾಗಿ ನಿಭಾಯಿಸದೆ ಬಿಟ್ಟ, ಬಹುಕಾಲದ ಕೆಲಸದ ಒತ್ತಡದಿಂದ ಬರುವಂಥದ್ದು ಎಂದು ವಿವರಿಸಿತು. ‘ಕೆಲಸದಿಂದ ಬಂದದ್ದಕ್ಕೆ ಕೆಲಸದಲ್ಲೇ ಮದ್ದು ಹುಡುಕೋಣ’ ಎಂದು ಹೇಳಿ ಅವರು ಕೂತರು. ಚರ್ಚೆ ಬಹಳ ಹೊತ್ತು ನಡೆಯಿತು, ಆದರೆ ಪಟ್ಟಿ ಬದಲಾಯಿತು.

ಇನ್ನೊಬ್ಬರು ನನ್ನ ಸಹೋದ್ಯೋಗಿ. ಒಂದು ಸಂಜೆ ಒಬ್ಬ ಹುಡುಗ ತನ್ನ ಆಸ್ಪತ್ರೆಯ ದಿನಗಳನ್ನು ಹೇಳುತ್ತಾ ಹೋದ. ಬಾಗಿಲಿಗೆ ಒಳಗಿನಿಂದ ಚಿಲಕವಿಲ್ಲದ ಕೋಣೆ, ಇಡೀ ರಾತ್ರಿ ಆರದ ಟ್ಯೂಬ್‌ಲೈಟ್, ನೋಡಲು ಬಂದ ಅಮ್ಮ ಮುಖ ತಿರುಗಿಸಿ ನಿಂತದ್ದು. ಎಲ್ಲವೂ ನನ್ನವೇ. ನಾನು ಹೊರಬಂದಾಗ ಈ ಅಕ್ಕ ಏನಾಯಿತೆಂದು ಕೇಳಲಿಲ್ಲ. ಕುರ್ಚಿ ಎಳೆದು ಕೊಟ್ಟು, ನನ್ನ ಕೈಯಿಂದ ದಾಖಲೆ ಪುಸ್ತಕ ತೆಗೆದುಕೊಂಡು, ‘ನೀನು ಹೇಳು, ನಾನು ಬರೆಯುತ್ತೇನೆ’ ಎಂದರು. ಬರೆದು ಮುಗಿಸಿ, ಹೊರಗೆ ಕಾಯುತ್ತಿದ್ದವರ ಬಳಿ ಹೋಗಿ ‘ಇವತ್ತು ನಿಮ್ಮ ಜೊತೆ ನಾನು ಕೂರಬಹುದೇ?’ ಎಂದು ಕೇಳಿದರು. ನಮ್ಮ ಕೆಲಸದಲ್ಲಿ ಸ್ವಂತ ಗಾಯವೇ ಸಲಕರಣೆ. ಅದನ್ನು ದಿನವೂ ಹೊರಗೆ ತೆಗೆಯುವವರಿಗೆ ಇಂಥವರೊಬ್ಬರು ಪಕ್ಕದ ಕೋಣೆಯಲ್ಲಿ ಇರಲೇಬೇಕು.

ತಂಡದ ವೈದ್ಯರಿಗೆ ಬೇರೆಯದೇ ಒಂದು ಕೃತಜ್ಞತೆ ಸಲ್ಲಬೇಕು. ಸಾಮಾನ್ಯವಾಗಿ ದಾದಿ ದಣಿದರೆ ಜನ ರಜೆ ಹಾಕಿ ಎನ್ನುತ್ತಾರೆ. ನಾವು ದಣಿದರೆ ‘ಮಾತ್ರೆ ಸರಿಯಾಗಿ ನುಂಗುತ್ತಿದ್ದೀರಾ?’ ಎನ್ನುತ್ತಾರೆ. ಒಂದು ಆಕಳಿಕೆಯೂ ಕಾಯಿಲೆ ಮರುಕಳಿಸಿದ ಲಕ್ಷಣವಾಗಿಬಿಡುತ್ತದೆ. ಹಾಗಾಗಿ ನಮ್ಮವರು ಆಯಾಸವನ್ನು ಕದ್ದ ಒಡವೆಯಂತೆ ಬಚ್ಚಿಡುತ್ತಾರೆ, ಕೊನೆಗೊಂದು ದಿನ ಹೇಳದೆ ಕೇಳದೆ ಬರುವುದನ್ನು ನಿಲ್ಲಿಸುತ್ತಾರೆ. ನಾನು ಸೊರಗಿದ್ದು ಕಂಡಾಗ ಈ ವೈದ್ಯರು ಮೊದಲು ಕೇಳಿದ್ದು, ‘ಈ ವಾರ ಎಷ್ಟು ಜನರನ್ನು ನೋಡಿದಿರಿ?’ ಎಂದು. ಉತ್ತರ ಕೇಳಿ, ಸಂಯೋಜಕಿಯನ್ನು ಕರೆದರು. ಔಷಧಿಯ ಮಾತು ಬಂದದ್ದು ಆಮೇಲೆ, ಅದೂ ನಾನೇ ಎತ್ತಿದ್ದರಿಂದ.

ಲೆಕ್ಕಪತ್ರ ವಿಭಾಗದವರಿಗೂ ನಮಸ್ಕಾರ. ತಿಂಗಳಿಗೊಮ್ಮೆ ನಾವು ನಾವೇ ಕೂತು, ಹೊತ್ತದ್ದನ್ನೆಲ್ಲ ಇಳಿಸಿಡುವ ಸಭೆಗೆ ಸಂಬಳದ ಗಂಟೆ ಕೊಡಲು ಯಾವ ಲೆಕ್ಕಶೀರ್ಷಿಕೆಯೂ ಇರಲಿಲ್ಲ. ಎಲ್ಲಿಂದಲೋ ಒಂದನ್ನು ಹುಡುಕಿ ಕೊಟ್ಟರು. ಅಲ್ಲಿಯವರೆಗೆ ಆ ಸಭೆಗೆ ಬರುತ್ತಿದ್ದವರು ಅರ್ಧದಷ್ಟೂ ಇರಲಿಲ್ಲ. ಮನೆಯವರಿಗೆ ಹೇಳಬೇಕಾದದ್ದನ್ನು ಮನೆಯಲ್ಲೇ ಹೇಳಿದ್ದೇನೆ.

ಬೆಂಬಲ ಕೇಳಿ ಬಂದವರಲ್ಲೂ ಒಬ್ಬರು, ನನ್ನ ಬದಲು ಬೇರೆಯವರು ತಮ್ಮ ಜೊತೆ ಕೂತಾಗ ಬೇಸರಿಸದೆ, ‘ಅವರಿಗೂ ಬಿಡುವು ಬೇಕಲ್ಲ’ ಎಂದರಂತೆ. ಅವರಿಗೆ ನಾನು ಋಣಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಬಾಕಿ. ನಮ್ಮ ಸಂಬಳ ಹೆಚ್ಚಿಸುವಂತೆ ಕೊಟ್ಟ ಅರ್ಜಿ ಇನ್ನೂ ಆಡಳಿತದವರ ಮೇಜಿನ ಮೇಲಿದೆ. ತಂಡದ ಎಲ್ಲರ ಸಹಿಯೂ ಅದರಲ್ಲಿದೆ, ನನ್ನದೂ ಇದೆ. ಈ ಬರಹ ಓದಿ, ‘ಇವರೆಲ್ಲ ಸಂತೋಷವಾಗಿಯೇ ಇದ್ದಾರಲ್ಲ’ ಎಂದು ಅದನ್ನು ಕಡತದ ಅಡಿಗೆ ಸರಿಸಬೇಡಿ ಎಂದು ವಿನಂತಿ.