ಮುತ್ತುಲಕ್ಷ್ಮಿ ರೆಡ್ಡಿಯವರ ಹೆಸರಿನಲ್ಲಿ ಜಿಲ್ಲಾ ಉಸ್ತುವಾರಿ ಸಚಿವರಿಗೆ ಒಂದು ಬಹಿರಂಗ ಪತ್ರ

ದಕ್ಷಿಣ ಕನ್ನಡ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ಮಾನ್ಯರೇ,

ಜುಲೈ 30 ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಜನ್ಮದಿನ. ತಮಿಳುನಾಡಿನಲ್ಲಿ ಅಂದು ಆಸ್ಪತ್ರೆ ದಿನ. ನಮ್ಮ ಜಿಲ್ಲೆಗೂ ಅವರು ಹೊರಗಿನವರಲ್ಲ. 1956ರವರೆಗೆ ನಾವು ಮದ್ರಾಸಿಗೆ ಸೇರಿದ್ದವರು; 1927ರಲ್ಲಿ ಅವರು ಉಪಾಧ್ಯಕ್ಷೆಯಾದ ಶಾಸನ ಪರಿಷತ್ತೇ ಮಂಗಳೂರು, ಉಡುಪಿಗೂ ಕಾನೂನು ಮಾಡುತ್ತಿತ್ತು. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ನಿಷೇಧಿಸಿದ 1947ರ ಕಾಯಿದೆಯ ಹಿಂದೆ ಅವರ ಇಪ್ಪತ್ತು ವರ್ಷಗಳ ಹೋರಾಟವಿದೆ.

ಆ ಹೋರಾಟದ ಬೇರು ಮನೆಯಲ್ಲೇ ಇತ್ತು. ತಾಯಿ ಚಂದ್ರಮ್ಮಾಳ್ ದೇವದಾಸಿ ಸಮುದಾಯದವರು. ತಂದೆ ನಾರಾಯಣಸ್ವಾಮಿ ಅಯ್ಯರ್ ಪುದುಕ್ಕೋಟೆಯ ಮಹಾರಾಜಾ ಕಾಲೇಜಿನ ಪ್ರಾಂಶುಪಾಲರು. ಗಂಡುಮಕ್ಕಳ ಆ ಕಾಲೇಜಿಗೆ ಹುಡುಗಿಯೊಬ್ಬಳು ಸೇರಲು ಮಹಾರಾಜರ ಅಪ್ಪಣೆಯೇ ಬೇಕಾಯಿತು. 1912ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನಿಂದ ಪದವಿ ಪಡೆದರು. 1914ರಲ್ಲಿ ಡಾ. ಸುಂದರ ರೆಡ್ಡಿಯವರನ್ನು ಮದುವೆಯಾಗುವ ಮುನ್ನ, ತನ್ನನ್ನು ಸರಿಸಮಾನಳಾಗಿ ಕಾಣಬೇಕು, ತನ್ನ ಕೆಲಸಕ್ಕೆ ಅಡ್ಡ ಬರಬಾರದು ಎಂದು ಮಾತು ತೆಗೆದುಕೊಂಡರು. ಆ ಕಾಲದಲ್ಲಿ ಅದೆಂಥ ಧೈರ್ಯ!

ಈ ಪತ್ರಕ್ಕೆ ಕಾರಣ ಅವರ ತಂಗಿ. ಆಮಶಂಕೆ ಎಂದುಕೊಂಡು ಆಕೆಗೆ ಮದ್ದು ಮಾಡಿದರು; ಅದು ಕ್ಯಾನ್ಸರ್ ಎಂದು ತಿಳಿಯುವಷ್ಟರಲ್ಲಿ ಕೈಮೀರಿತ್ತು. ಆ ಸಂಕಟವೇ 1954ರಲ್ಲಿ ಮದ್ರಾಸಿನ ಅಡ್ಯಾರಿನಲ್ಲಿ 12 ಹಾಸಿಗೆಗಳ ಕ್ಯಾನ್ಸರ್ ಸಂಸ್ಥೆಯಾಯಿತು. ಮಗ ಡಾ. ಕೃಷ್ಣಮೂರ್ತಿ ತಮ್ಮ ಬದುಕನ್ನೇ ಅದಕ್ಕೆ ಕೊಟ್ಟರು.

ನಮ್ಮಲ್ಲಿ ಬೀಡಿ ಕಟ್ಟುವ, ಎಲೆ-ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಹೆಂಗಸರು ಇಂದಿಗೂ ತಡವಾಗಿಯೇ ಆಸ್ಪತ್ರೆಗೆ ಬರುತ್ತಾರೆ. 30 ವರ್ಷ ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ತಪಾಸಣೆ ಮಾಡಬೇಕೆಂಬ ಸರಕಾರಿ ಕಾರ್ಯಕ್ರಮವೇನೋ ಇದೆ. ಗರ್ಭಕಂಠದ ಪರೀಕ್ಷೆ ಸುಲಭ: ಹತ್ತಿಯಲ್ಲಿ ಶೇ. 5ರ ಅಸಿಟಿಕ್ ಆಮ್ಲ ಹಚ್ಚಿ, ಪೂರ್ತಿ 1 ನಿಮಿಷ ಕಾದು, ಒಳ್ಳೆಯ ಬೆಳಕಿನಲ್ಲಿ ನೋಡುವುದು. ಅಂಚು ಸ್ಪಷ್ಟವಾಗಿರುವ ದಪ್ಪ ಬಿಳಿ ಮಚ್ಚೆ ಎದ್ದರೆ ಪಾಸಿಟಿವ್. 5 ಮಿಲಿ ಶುದ್ಧ ಆಮ್ಲಕ್ಕೆ 95 ಮಿಲಿ ನೀರು. ದ್ರಾವಣವನ್ನು ಅಂದಂದೇ ಮಾಡಿಕೊಳ್ಳಬೇಕು. ಹಳೆಯದಾದರೆ ಶಕ್ತಿ ಕುಂದಿ ಮಚ್ಚೆ ಏಳುವುದಿಲ್ಲ. ನಿಮಿಷ ತುಂಬುವ ಮೊದಲೇ ನೋಡಿದರೂ ಅಷ್ಟೇ, ಕಾಯಿಲೆ ಇದ್ದವರೂ "ಏನಿಲ್ಲ" ಎಂದುಕೊಂಡು ಮನೆಗೆ ಹೋಗುತ್ತಾರೆ. ಮುಟ್ಟು ನಿಂತವರಲ್ಲಿ ನೋಡಬೇಕಾದ ಭಾಗ ಒಳಕ್ಕೆ ಸರಿದಿರುತ್ತದೆ. ಅವರಿಗೆ ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರ್ ತರುವ ವೈರಾಣು) ಪರೀಕ್ಷೆಯೇ ಸರಿ.

ಇಷ್ಟಾದರೂ ಕೆಲಸ ಕೆಡುವುದು ಪರೀಕ್ಷೆಯ ನಂತರ. ಪಾಸಿಟಿವ್ ಬಂದವಳ ಕೈಗೆ ಚೀಟಿ ಕೊಟ್ಟು ದೊಡ್ಡಾಸ್ಪತ್ರೆಗೆ ಹೋಗು ಎಂದರೆ, ಅವಳಿಗೆ ಬಸ್ ಚಾರ್ಜು, ಜೊತೆಗೊಬ್ಬರು, ಒಂದು ದಿನದ ಬೀಡಿ ಮಜೂರಿ. ಚೀಟಿ ಕಪಾಟಿನಲ್ಲೇ ಉಳಿಯುತ್ತದೆ. ಎಷ್ಟು ಜನರನ್ನು ಪರೀಕ್ಷಿಸಿದೆವು ಎಂಬ ಲೆಕ್ಕ ಮೇಲಕ್ಕೆ ಹೋಗುತ್ತದೆ. ಎಷ್ಟು ಜನರಿಗೆ ಚಿಕಿತ್ಸೆ ಮುಗಿಯಿತು ಎಂದು ಯಾರು ಕೇಳುತ್ತಾರೆ?

ತಾವು ಕೇಳಬೇಕು. ಪ್ರತಿ ತಿಂಗಳ ಪರಿಶೀಲನಾ ಸಭೆಯಲ್ಲಿ ಈ ಎರಡನೆಯ ಲೆಕ್ಕವನ್ನೇ ಮೊದಲು ಕೇಳಿ. ಬಂಟ್ವಾಳ, ಬೆಳ್ತಂಗಡಿ, ಪುತ್ತೂರು, ಸುಳ್ಯ ತಾಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಕಾಲ್ಪೊಸ್ಕೋಪಿ (ಗರ್ಭಕಂಠವನ್ನು ದೊಡ್ಡದಾಗಿ ಕಾಣಿಸುವ ಉಪಕರಣದಿಂದ ನೋಡುವುದು) ಮತ್ತು ಮಚ್ಚೆಯನ್ನು ಬಿಸಿಯಿಂದ ಸುಡುವ, ಬ್ಯಾಟರಿಯಲ್ಲಿ ನಡೆಯುವ ಥರ್ಮಲ್ ಅಬ್ಲೇಶನ್ ಯಂತ್ರ ಇರಲಿ; ಕ್ಯಾನ್ಸರ್ ಆಗುವ ಮುಂಚಿನ ಮಚ್ಚೆ ಇದ್ದ ಹೆಚ್ಚಿನವರಿಗೆ ಬಂದ ದಿನವೇ, ಕೆಲವೇ ನಿಮಿಷಗಳಲ್ಲಿ ಚಿಕಿತ್ಸೆ ಮುಗಿಯುತ್ತದೆ. ಪರದೆ, ಬಾಗಿಲಿಗೆ ಚಿಲಕ ಇರುವ ಕೋಣೆಯೂ ಬೇಕು. ಅದಿಲ್ಲದ ಕಡೆ ಹೆಂಗಸರು ಮೇಜು ಹತ್ತುವುದಿಲ್ಲ.

ಇತಿ,
ಮಹಿಳಾ ಆರೋಗ್ಯ ಕ್ಷೇತ್ರದಲ್ಲಿ ದುಡಿಯುತ್ತಿರುವವರು
ಮಂಗಳೂರು